ಅತ್ತಿಗೆಯ ಚೆಕಪ್ ಇದ್ದ ದಿನ

ರೇಡಿಯೇಷನ್ ಮುಗಿದ ವಾರ ಶಿವಮೊಗ್ಗದ ಅಣ್ಣನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ನೆಂಟರೆಲ್ಲ ಬಂದು ಉಂಡು, "ಅಂತೂ ಎಲ್ಲ ಮುಗೀತಲ್ಲ, ಇನ್ನು ಆರಾಮಾಗಿರು" ಅಂತ ಹೇಳಿ ಹೋದರು. ಅತ್ತಿಗೆ ನಗುನಗುತ್ತಲೇ ಬಡಿಸಿದರು. ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲಗೆ ಅಂದರು, "ಆಸ್ಪತ್ರೆಗೆ ಹೋಗ್ತಿದ್ದಾಗಲೇ ಧೈರ್ಯ ಇತ್ತು ಕಣೇ. ಈಗ ಭಯ ಜಾಸ್ತಿ ಆಗಿದೆ."

ಅವರಿಗೆ ಆಗಿದ್ದು ಸ್ತನ ಕ್ಯಾನ್ಸರ್. ಆಪರೇಷನ್, ಕೀಮೋ, ಆಮೇಲೆ ರೇಡಿಯೇಷನ್. ಆ ತಿಂಗಳುಗಳಲ್ಲಿ ಕಷ್ಟ ಎಷ್ಟೇ ಇರಲಿ, ಯಾರೋ ಒಬ್ಬರು ನೋಡುತ್ತಿದ್ದರು. ರಕ್ತ ತೆಗೆಯುತ್ತಿದ್ದರು, ಕಂಕುಳು ಮುಟ್ಟಿ ನೋಡುತ್ತಿದ್ದರು, ಊಟ ಸೇರುತ್ತಾ ಅಂತ ಕೇಳುತ್ತಿದ್ದರು. ಒಂದು ದಿನ ಅದೆಲ್ಲ ನಿಂತುಹೋಯಿತು. "ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಕೈಗೆ ಬಂದಿದ್ದು ಕ್ಯಾನ್ಸರ್ ಮರಳದಿರಲಿ ಅಂತ ಕೊಡುವ ಟಮಾಕ್ಸಿಫೆನ್ ಮಾತ್ರೆ, ದಿನಕ್ಕೊಂದು, ಕಡಿಮೆ ಅಂದರೂ ಐದು ವರ್ಷ. ಕಾಯಿಲೆಯ ವಿರುದ್ಧ ದಿನವೂ ಏನೋ ನಡೆಯುತ್ತಿದೆ ಅನ್ನುವ ಆಸರೆ ಹೋಯಿತು. ಭಯ ಉಳಿಯಿತು.

ಇದು ಅತ್ತಿಗೆಯೊಬ್ಬರ ಕಥೆಯಲ್ಲ. ಫಿಟ್ಸ್‌ಹ್ಯೂ ಮಲ್ಲನ್ ಅಂತ ಅಮೆರಿಕದ ಒಬ್ಬ ವೈದ್ಯರಿದ್ದರು. ಚಿಕ್ಕ ವಯಸ್ಸಿನಲ್ಲೇ ಅವರಿಗೂ ಕ್ಯಾನ್ಸರ್ ಆಗಿತ್ತು. ಕ್ಯಾನ್ಸರ್ ಆದವರ ಬದುಕಿನಲ್ಲಿ ಮೂರು ಋತುಗಳಿರುತ್ತವೆ ಅಂತ ಅವರು 1985ರಲ್ಲಿ ಬರೆದರು. ಎರಡನೆಯದು ಚಿಕಿತ್ಸೆ ಮುಗಿದ ಮೇಲೆ ಶುರುವಾಗುವ ಕಾಲ. ಅಲ್ಲಿ ಮನಸ್ಸನ್ನು ಆಳುವುದು ಕಾಯಿಲೆ ಮರಳಿ ಬರುತ್ತದೇನೋ ಅನ್ನುವ ಭಯ ಅಂದಿದ್ದರು. ಹೋಳಿಗೆ ಉಂಡು ಹೋದ ನಮ್ಮವರು ಯಾರೂ ಕೆಟ್ಟವರಲ್ಲ. ಅಂಥದ್ದೊಂದು ಕಾಲ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಎರಡನೇ ಚೆಕಪ್‌ಗೆ ಸ್ವಲ್ಪ ದಿನ ಇರುವಾಗ ಅತ್ತಿಗೆಗೆ ಸೊಂಟ ನೋವು ಶುರುವಾಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅಣ್ಣ ರೇಗುತ್ತಿದ್ದ, "ಮತ್ತೆ ಶುರು ಮಾಡಿದ್ಯಾ? ಪಾಸಿಟಿವ್ ಆಗಿರು ಅಂತ ಎಷ್ಟು ಸಲ ಹೇಳ್ಲಿ?" ಅಂತ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡಿದು ಮೂಳೆಗೆ ಹರಡಿದ ಕ್ಯಾನ್ಸರ್ ಬಗ್ಗೆ ವಿಡಿಯೋ ನೋಡುತ್ತಿದ್ದರಂತೆ. ಒಂದು ನೋಡಿದರೆ ಆ ಮೊಬೈಲ್ ಅಂಥವೇ ಇನ್ನಷ್ಟು ತಂದು ಮುಂದಿಡುತ್ತದಲ್ಲ. ಕೊನೆಗೆ ನನಗೆ ಫೋನ್ ಮಾಡಿದರು.

ರೇಡಿಯೇಷನ್ ಕೊಡುವಾಗ ಅಲ್ಲಿಯ ಸಿಸ್ಟರ್ ಒಂದು ಮಾತು ಹೇಳಿದ್ದರು. ಹೊಸ ನೋವು ಬಂದು ಎರಡು ವಾರವಾದರೂ ಹೋಗದಿದ್ದರೆ, ಅಥವಾ ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದ್ದರೆ, ಡೇಟ್ ಬರಲಿ ಅಂತ ಕಾಯಬೇಡಿ, ಬಂದುಬಿಡಿ. ಕಾಲಿನಲ್ಲಿ ಶಕ್ತಿ ಇಲ್ಲದಂತಾದರೆ, ನಡೆಯೋಕೆ ಕಷ್ಟವಾದರೆ ಅವತ್ತೇ ಬನ್ನಿ. ಅದನ್ನೇ ನಾನು ನೆನಪು ಮಾಡಿದೆ. "ಅತ್ತಿಗೆ, ನೋವು ಹೆಂಗಿದೆ ಅಂತ ದಿನಾ ಒಂದು ಕಡೆ ಬರೆದಿಡ್ತೀರಾ? ತಲೇಲಿ ಇಟ್ಕೋಬೇಡಿ."

ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡರು. ಮುಂದೆಲ್ಲ ಫಿಸಿಕ್ಸ್ ಲೆಕ್ಕ, ಹಿಂದಿನಿಂದ ಅತ್ತಿಗೆಯ ಬರಹ. ಆ ಪುಟ ಈಗಲೂ ನನ್ನ ಕಣ್ಣ ಮುಂದಿದೆ. "ಮಂಗಳವಾರ. ಸೊಂಟ, ಎಡಗಡೆ. ಬಟ್ಟೆ ಒಗೆದ ಮೇಲೆ ಜಾಸ್ತಿ. ರಾತ್ರಿ ನಿದ್ದೆ ಬಂತು." "ಶುಕ್ರವಾರ. ಪರವಾಗಿಲ್ಲ. ಬಿಸಿನೀರಿನ ಶಾಖ ಕೊಟ್ಟೆ." ಮುಂದಿನ ವಾರದ ಒಂದು ಸಾಲು: "ಭಾನುವಾರ ಬರೆಯೋದು ಮರೆತೆ." ಮರೆತರು ಅನ್ನುವುದೇ ನನಗೆ ಎಷ್ಟೋ ಸಮಾಧಾನ ಕೊಟ್ಟಿತು.

ಚೆಕಪ್‌ನ ಹಿಂದಿನ ದಿನ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲೇ ಉಳಿದರು. ರಾತ್ರಿ ನೀರು ಕುಡಿಯೋಕೆ ಎದ್ದು ನೋಡಿದರೆ ಅತ್ತಿಗೆ ಊಟದ ಮೇಜಿನ ಹತ್ತಿರ ಕೂತಿದ್ದಾರೆ. ಕೈ ಮತ್ತೆ ಮತ್ತೆ ಆಪರೇಷನ್ ಗಾಯದ ಹತ್ತಿರ ಹೋಗುತ್ತಿತ್ತು. ಏನೂ ಆಗಲ್ಲ ಬಿಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ನನಗೇನು ಗೊತ್ತು? "ಯಾವುದರ ಭಯ ಜಾಸ್ತಿ, ಅತ್ತಿಗೆ?" ಅಂತ ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದೇ ಹೊರಗೆ ಬಂತು. ಸಾಯುವುದಕ್ಕಿಂತ ಮತ್ತೆ ಕೀಮೋ ಅಂದರೆ ಭಯ. ಮಗಳು ಸೆಕೆಂಡ್ ಪಿಯುಸಿ, ಪರೀಕ್ಷೆ ಹೊತ್ತಿಗೆ ಹಾಸಿಗೆ ಹಿಡಿದರೆ ಅನ್ನುವ ಭಯ. ಕೊನೆಗೆ ನಾನು ಎಣಿಸದೇ ಇದ್ದದ್ದೊಂದು: "ನಾನು ಹೀಗೆ ಹೆದರೋದ್ರಿಂದಲೇ ಅದು ವಾಪಸ್ ಬಂದುಬಿಟ್ರೆ?"

ಪಾಸಿಟಿವ್ ಆಗಿರು ಅನ್ನುವ ಮಾತು ಅವರ ಕಿವಿಗೆ ಹೀಗೆ ಬಿದ್ದಿತ್ತು. ಹೆದರುವುದೇ ತಪ್ಪು, ಕಾಯಿಲೆ ಬಂದರೆ ಅದಕ್ಕೂ ತಾನೇ ಹೊಣೆ. ಕಾಯಿಲೆಯ ಭಾರ ಸಾಲದು ಅಂತ ಇದನ್ನೂ ಹೊರಿಸುತ್ತೇವಲ್ಲ, ನನಗೆ ಹೊಟ್ಟೆ ಉರಿಯಿತು. ಅಲ್ಲೇ ಕೂತು ಡಾಕ್ಟರಿಗೆ ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದೆವು. ಆ ಪ್ರಶ್ನೆಯನ್ನೇ ಮೊದಲು ಬರೆಸಿದೆ.

ಬೆಳಗ್ಗೆ ಕಿದ್ವಾಯಿ ಆಸ್ಪತ್ರೆಯಲ್ಲಿ ಎಂದಿನಂತೆ ಜನ. 1973ರಿಂದ ನಡೆಯುತ್ತಿರುವ ಆಸ್ಪತ್ರೆ ಅದು. ಕರ್ನಾಟಕದ ಎಲ್ಲ ಮೂಲೆಗಳಿಂದ, ಆಂಧ್ರದಿಂದಲೂ ಬಂದವರು ಫೈಲು ಎದೆಗವಚಿಕೊಂಡು ಕೂತಿರುತ್ತಾರೆ. ನಮ್ಮ ಪಕ್ಕ ರಾಯಚೂರು ಕಡೆಯ ಒಬ್ಬ ಹೆಂಗಸು ಇದ್ದರು. ಅತ್ತಿಗೆಯ ಎಡಗೈ ನೋಡಿ, "ಅಕ್ಕಾರ, ಕೈ ಜೋತುಬಿಟ್ಟು ಕುಂಡ್ರಬ್ಯಾಡ್ರಿ, ಬಾವು ಬರತೈತಿ" ಅಂದವರೇ ತಮ್ಮ ಬಟ್ಟೆ ಚೀಲವನ್ನು ಅತ್ತಿಗೆಯ ತೊಡೆ ಮೇಲೆ ಇಟ್ಟು, ಕೈಯನ್ನು ಅದರ ಮೇಲೆ ಎತ್ತಿ ಇಟ್ಟರು. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆಸಿಕೊಂಡವರಿಗೆ ಆ ಕಡೆಯ ಕೈ ಊದಿಕೊಳ್ಳುವುದುಂಟು. ಆ ಹೆಂಗಸಿಗೂ ಹಾಗೆ ಆಗಿತ್ತು, ಊತಕ್ಕೆ ಅಂತ ತೋಳಿಗೆ ಬಿಗಿಯಾದ ಪಟ್ಟಿಯಂಥ ಕವಚ ಹಾಕಿದ್ದರು. "ನಿಮಗ ಎಷ್ಟು ವರ್ಷ ಆತ್ರಿ?" ಅಂತ ಅತ್ತಿಗೆ ಅವರದೇ ಧಾಟಿಯಲ್ಲಿ ಕೇಳಿದರು. "ಆರು ನಡದೈತ್ರಿ." "ಈಗಲೂ ಅಂಜಿಕೆ ಆಗುತ್ತಾ?" "ಚೆಕಪ್ ಬಂದಾಗ ಆಕ್ಕೈತ್ರಿ. ಹೊಲದಾಗ ಕೆಲಸ ಇದ್ದಾಗ ಇಲ್ರಿ." ಅತ್ತಿಗೆ ಅವರನ್ನೇ ನೋಡುತ್ತಾ ಕೂತರು. ಆರು ವರ್ಷವಾದವರೊಬ್ಬರನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು. ಯಾವ ವಿಡಿಯೋದಲ್ಲೂ ಇವರು ಸಿಕ್ಕಿರಲಿಲ್ಲ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ನೋಟ್‌ಬುಕ್ಕನ್ನು ಪೂರ್ತಿ ಓದಿದರು. ಬಗ್ಗಿದರೆ ಬರುವ, ವಿಶ್ರಾಂತಿ ತಗೊಂಡರೆ ಇಳಿಯುವ, ಈಗ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿರುವ ನೋವು, ಇದಕ್ಕೆ ಸ್ಕ್ಯಾನ್ ಬೇಕಿಲ್ಲ ಅಂದರು. ಅತ್ತಿಗೆ ಚೀಟಿ ತೆಗೆದು ಮೊದಲ ಪ್ರಶ್ನೆ ಕೇಳಿದರು. "ಹೆದರಿಕೆಯಿಂದ ಗಡ್ಡೆ ಬೆಳೆಯಲ್ಲಮ್ಮ. ಹೆದರಿಕೆ ಆದರೆ ಆಗಲಿ. ಮಾತ್ರೆ ಮಾತ್ರ ತಪ್ಪಿಸಬೇಡಿ" ಅಂದರು.

ವರ್ಷಕ್ಕೊಮ್ಮೆ ಫುಲ್ ಬಾಡಿ ಸ್ಕ್ಯಾನ್ ಮಾಡಿಸಿಬಿಡಿ ಅಂತ ನೆಂಟರೊಬ್ಬರು ಹಿಡಿದುಕೊಂಡಿದ್ದರು. ಅದನ್ನೂ ಕೇಳಿದೆವು. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ ಬೇಕು, ತೊಂದರೆ ಏನೂ ಇಲ್ಲದಿರುವಾಗ ಉಳಿದ ಸ್ಕ್ಯಾನ್ ಬೇಡ ಅಂದರು. ಮನೆಗೆ ಬಂದು ಹುಡುಕಿ ಓದಿದೆ. ಇಟಲಿಯಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 1,320 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗಾಗ ಮೂಳೆ ಸ್ಕ್ಯಾನ್, ಲಿವರ್ ಸ್ಕ್ಯಾನ್, ಎಕ್ಸ್‌ರೇ ಎಲ್ಲ ಮಾಡಿಸಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನವರು ಬದುಕಿದ ಕಾಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಡಿಮೆ ಪರೀಕ್ಷೆ ಅಂದರೆ ಕಡೆಗಣಿಸಿದ್ದಾರೆ ಅಂತಲ್ಲ, ಇದನ್ನು ಪ್ರತಿ ಮನೆಯವರಿಗೂ ಕೂರಿಸಿ ಹೇಳಬೇಕು.

ಎದ್ದು ಬರುವಾಗ ಅತ್ತಿಗೆ ಚೀಟಿಯಲ್ಲಿ ಇಲ್ಲದ್ದನ್ನು ಕೇಳಿದರು. "ಇನ್ನು ಬರಲ್ಲ ಅಲ್ವಾ, ಡಾಕ್ಟ್ರೇ?"

"ಬರೋದೇ ಇಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲಮ್ಮ. ಇವತ್ತು ಅದರ ಗುರುತು ಯಾವುದೂ ಕಾಣ್ತಿಲ್ಲ. ಯಾವುದಕ್ಕೆ ಓಡಿ ಬರಬೇಕು ಅಂತ ಬರೆದುಕೊಡ್ತೀನಿ. ಅದು ಬಿಟ್ಟು ಬೇರೆ ದಿನ ನಿಮ್ಮ ಕೆಲಸ ನೋಡಿಕೊಳ್ಳಿ." ಬರೆದೂ ಕೊಟ್ಟರು. ಗಾಯದ ಹತ್ತಿರ, ಕಂಕುಳಲ್ಲಿ, ಕತ್ತಿನಲ್ಲಿ ಹೊಸ ಗಂಟು. ಬಿಡದ ಕೆಮ್ಮು, ಮೂಳೆ ನೋವು, ತಲೆನೋವು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಸುಮ್ಮನಿರಬಾರದು. ಈ ಕೊನೆಯ ಎರಡು ಟಮಾಕ್ಸಿಫೆನ್ ತಗೊಳ್ಳುವವರಿಗೆ.

ಆಟೋದಲ್ಲಿ ಅತ್ತಿಗೆ ಅಂದರು, "ಸುಳ್ಳು ಹೇಳಲಿಲ್ಲ ನೋಡು ಅವರು. ಅದೇ ನನಗೆ ಸಮಾಧಾನ."

ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನನಗೂ ನಿದ್ದೆ ಇಲ್ಲ ಕಣೇ ಇಷ್ಟು ದಿನದಿಂದ" ಅಂದ. ರೇಗಾಟದ ಹಿಂದೆ ಇದ್ದದ್ದು ಅದು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆಯಲ್ಲ, ಅದರ ನಂಬರು 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅವನ ಫೋನಿಗೆ ಕಳಿಸಿದೆ. ಕಾಯಿಲೆ ಆದವರನ್ನು ಎಲ್ಲರೂ ಕೇಳುತ್ತಾರೆ, ಜೊತೆಗಿದ್ದವರನ್ನು ಕೇಳುವವರು ಕಡಿಮೆ.

ಈಗ ಭಾನುವಾರ ಫೋನ್ ಮಾಡಿದಾಗ ಅತ್ತಿಗೆಗೆ ನೋಟ್‌ಬುಕ್‌ನಲ್ಲಿ ಏನಾದರೂ ಇದೆಯಾ ಅಂತ ಮೊದಲು ಕೇಳುತ್ತೇನೆ. ಇದ್ದರೆ ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ಬೇರೆ ಮಾತು. ಮುಂದಿನ ಚೆಕಪ್ ಮಗಳ ಪರೀಕ್ಷೆಯ ವಾರಕ್ಕೇ ಬಿದ್ದಿತ್ತು. ಒಂದು ವಾರ ತಡವಾಗಿ ಬಂದರೆ ನಡೆಯುತ್ತಾ ಅಂತ ಅತ್ತಿಗೆ ತಾವೇ ಫೋನ್ ಮಾಡಿ ಕೇಳಿದ್ದಾರೆ. ನಡೆಯುತ್ತೆ ಅಂದರಂತೆ.