ತುಕ್ಕಿನಿಂದಲೇ ಬಂದ ಕಪ್ಪು
ನಾಲ್ಕು ವಾರಾಂತ್ಯಗಳ ಕೆಲಸದ ನಂತರ, ಪೆನ್ಸಿಲ್ವೇನಿಯಾದ ನಮ್ಮ ಮನೆಯ ಗ್ಯಾರೇಜಿನಲ್ಲಿ, ನೆರೆಮನೆಯ ಹಿರಿಯರ ತಂದೆ ಬಳಸುತ್ತಿದ್ದ ವಿಂಚೆಸ್ಟರ್ 1894 ಕೋವಿಯ ನಳಿಗೆ ಇಂದು ಮತ್ತೆ ಕಪ್ಪುನೀಲಿಯಾಗಿದೆ. ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿಯ ಕೋವಿಗಳು 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಆದರೆ ಆ ಹಿರಿಯರ ಪಾಲಿಗೆ ಇರುವುದು ಇದೊಂದೇ.

ಒಳಗೆ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು ಬಿಚ್ಚಿದಾಗ, ಗುಂಡು ತುಂಬಲು ಎಳೆಯುವ ಲಿವರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ತುಕ್ಕನ್ನು ಜೋರಾಗಿ ಉಜ್ಜಿದರೆ ನಳಿಗೆಯ ಮೇಲಿನ ಅಕ್ಷರಗಳೇ ಅಳಿಸಿಹೋಗುತ್ತವೆಂಬ ಭಯದಿಂದ ನಿಧಾನದ ದಾರಿಯನ್ನೇ ಹಿಡಿದೆ. ಜಿಡ್ಡು ತೆಗೆದ ಉಕ್ಕಿಗೆ ಆಮ್ಲೀಯ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಪೆಟ್ಟಿಗೆಯಲ್ಲಿಟ್ಟು ಹೊಸ ತುಕ್ಕು ಬರಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದಾಗ, ಆ ಕೆಂಪು ತುಕ್ಕು ಕಣ್ಣೆದುರೇ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಾಗುತ್ತದೆ. ಮೇಲಿನ ಮಸಿಯನ್ನು ನಯವಾದ ಉಕ್ಕಿನ ನಾರಿನಿಂದ ತೆಗೆದು ಮತ್ತೆ ಮೊದಲಿನಿಂದ ಆರಂಭಿಸಬೇಕು. ನನಗೆ ಏಳು ಸುತ್ತು ಬೇಕಾಯಿತು. ಮೂರನೆಯ ಸುತ್ತಿನಲ್ಲಿ ಕೈಗವಸಿಲ್ಲದೆ ಮುಟ್ಟಿದ್ದರಿಂದ ಹೆಬ್ಬೆರಳಿನ ಗುರುತು ಮಾಸಲಾಗಿ ಉಳಿದು, ಅಷ್ಟು ಭಾಗವನ್ನು ಪುನಃ ಮಾಡಬೇಕಾಯಿತು.

ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಒರೆಸಿ, ತೋಕ್ ಪೂ ಎಂಬ ಕೋವಿ ಹೂವನ್ನು ಸಿಕ್ಕಿಸಿ ಪೂಜೆಗಿಡುತ್ತಿದ್ದ ಅಜ್ಜನ ಕೋವಿ ಈ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಅದನ್ನು ಮುಟ್ಟುವ ಮುನ್ನ ಅವರು ಕೈ ತೊಳೆದುಕೊಳ್ಳುತ್ತಿದ್ದುದು ಏಕೆಂದು ಆಗ ನಾನು ಕೇಳಿರಲಿಲ್ಲ.

ಆಕ್ರೋಟ್ ಮರದ ಹಿಡಿಯ ಮೇಲಿನ ಗೀರುಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಎಣ್ಣೆ ಸವರಿದ್ದಾಗಿದೆ, ನಾಳೆ ಬೆಳಿಗ್ಗೆ ಹಿರಿಯರ ಕೈಗೆ ಒಪ್ಪಿಸುತ್ತೇನೆ.