ಮಂಡಿಯ ಹೆಬ್ಬೆರಳು, ಹೊಲದ ನೀರು

ಕೋಲಾರದ ಮಂಡಿಯಲ್ಲಿ ಟೊಮೆಟೊ ಕೊಳ್ಳಲು ಬಂದವರು 15 ಕೆ.ಜಿ. ಬಾಕ್ಸಿನ ಮೇಲ್ಸಾಲನ್ನು ನೋಡಿ ಬೆಲೆ ಕೂಗುವುದಿಲ್ಲ. ಕೈಯನ್ನು ಆಳಕ್ಕೆ ಇಳಿಸಿ, ನಡುವಿನಿಂದ ಒಂದು ಹಣ್ಣನ್ನು ಎತ್ತಿಕೊಂಡು, ತೊಟ್ಟಿನ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಎರಡು ವರ್ಷದ ಹಿಂದೆ, ಮಳೆ ನಿಂತ ವಾರದಲ್ಲಿ ನಾವು ಒಯ್ದ ಮಾಲನ್ನು ಹೀಗೆ ಒತ್ತಿ ನೋಡಿದ ಒಬ್ಬರು, "ಅಣ್ಣ, ಇದು ಕೋಲ್ಕತ್ತ ತಲುಪೋ ಮಾಲಲ್ಲ" ಎಂದು ಪಕ್ಕಕ್ಕಿಟ್ಟರು. ಬಣ್ಣ, ಗಾತ್ರ ಎಲ್ಲವೂ ಚೆನ್ನಾಗಿಯೇ ಇದ್ದವು. ಆ ದಿನ ನನಗೆ ಕೋಪ ಬಂದಿತ್ತು. ಮನೆಗೆ ಬಂದು ಉಳಿದ ಹಣ್ಣುಗಳನ್ನು ಅಟ್ಟದ ಮೇಲೆ ಹರಡಿ ದಿನವೂ ನೋಡತೊಡಗಿದ ಮೇಲೆ ಅವರ ಮಾತಿನಲ್ಲಿ ತಪ್ಪಿರಲಿಲ್ಲವೆಂದು ಗೊತ್ತಾಯಿತು.

ಆ ಬೆಳೆಯಲ್ಲಿ ಒಂದೇ ನರ್ಸರಿಯ ಸಸಿಗಳನ್ನು ನಾವು ಎರಡು ತುಂಡು ಜಮೀನಿನಲ್ಲಿ ನಾಟಿ ಮಾಡಿದ್ದೆವು. ಒಂದಕ್ಕೆ ಬೇರಿಗೆ ಹನಿಹನಿಯಾಗಿ ನೀರುಣಿಸುವ ಡ್ರಿಪ್ ಮತ್ತು ಮಣ್ಣಿನ ತೇವ ಆರದಂತೆ ಹೊದಿಸುವ ಮಲ್ಚಿಂಗ್ ಹಾಳೆ ಇತ್ತು. ಇನ್ನೊಂದಕ್ಕೆ, ಖರ್ಚು ಕೈಮೀರಿದ್ದರಿಂದ, ಹಾಯಿನೀರು. ಅಟ್ಟದ ಮೇಲೆ ಹಾಯಿನೀರಿನ ಹಣ್ಣುಗಳಲ್ಲಿ ತೊಟ್ಟಿನ ಸುತ್ತ ಕೂದಲೆಳೆಯಷ್ಟು ಸಣ್ಣ ಬಳೆಯಂಥ ಬಿರುಕುಗಳು ಇದ್ದವು. ನಾಲ್ಕನೆಯ ದಿನದ ಹೊತ್ತಿಗೆ ಆ ಗೆರೆಗಳ ಮೇಲೆಯೇ ಕಪ್ಪು ಬೂಷ್ಟು ಮೊದಲು ಕಾಣಿಸಿತು. ಡ್ರಿಪ್ಪಿನ ಹಣ್ಣುಗಳು ವಾರ ಕಳೆದರೂ ಗಟ್ಟಿಯಾಗಿದ್ದವು. ಎರಡು ತುಂಡಿನ ಮಣ್ಣು ಬೇರೆಯಾದ್ದರಿಂದ ಇದನ್ನು ಪ್ರಯೋಗವೆಂದು ಕರೆಯಲಾರೆ, ಆದರೆ ಕಾರಣ ಹುಡುಕಲು ಇಷ್ಟು ಸಾಕಾಯಿತು.

ಹಾಯಿನೀರಿನಲ್ಲಿ ಆಗುವಂತೆ, ಬಹುದಿನ ಒಣಗಿದ ಬೇರಿಗೆ ಒಮ್ಮೆಲೇ ನೀರು ಸಿಕ್ಕಾಗ ಹಣ್ಣಿನ ಒಳಭಾಗ ಉಬ್ಬುವ ವೇಗಕ್ಕೆ ಸಿಪ್ಪೆ ಹಿಗ್ಗಲಾರದೆ ಸೀಳುತ್ತದೆ. ಟೊಮೆಟೊ ಸಿಪ್ಪೆಯ ಮೇಲೆ ಎಲೆಯಲ್ಲಿರುವಂಥ ಉಸಿರುರಂಧ್ರಗಳಿಲ್ಲ. ಕೊಯ್ದ ಹಣ್ಣು ನೀರನ್ನು ಕಳೆದುಕೊಳ್ಳುವುದು ಹೆಚ್ಚಾಗಿ ತೊಟ್ಟು ಕಳಚಿದ ಗಾಯದ ಮೂಲಕವೇ. ಬಿರುಕುಬಿಟ್ಟ ಹಣ್ಣಿನಲ್ಲಿ ಅಂಥ ಬಾಗಿಲುಗಳು ಹತ್ತಾರು ತೆರೆದಿರುತ್ತವೆ, ನೀರು ಹೊರಹೋಗಲೂ ಶಿಲೀಂಧ್ರ ಒಳಬರಲೂ.

ಕ್ಯಾಲ್ಸಿಯಂ ಕಥೆಯೂ ನೀರಿಗೇ ಅಂಟಿಕೊಂಡಿದೆ. ಹಣ್ಣಿನ ಜೀವಕೋಶಗಳ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟುಪದಾರ್ಥವನ್ನು ಬಿಗಿಯಾಗಿ ಹಿಡಿದಿಡುವುದು ಅದೇ. ಅದು ಕಡಿಮೆಯಾದರೆ ಹಣ್ಣು ಬೇಗ ಮೆತ್ತಗಾಗುತ್ತದೆ, ತೀರಾ ಕಡಿಮೆಯಾದರೆ ಗಿಡದಲ್ಲೇ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಮಣ್ಣಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದರೂ ಹೀಗಾಗುವುದುಂಟು, ಏಕೆಂದರೆ ಅದು ಬೇರಿನಿಂದ ಏರುವ ನೀರಿನ ಜೊತೆಗಷ್ಟೇ ಸಾಗುತ್ತದೆ, ಮತ್ತು ಬಿಸಿಲಿನಲ್ಲಿ ಆ ನೀರಿನ ಬಹುಪಾಲನ್ನು ಎಲೆಗಳೇ ಎಳೆದುಕೊಳ್ಳುತ್ತವೆ. ತುದಿ ಕೊಳೆತ ಮೇಲೆ ಅಂಗಡಿಗೆ ಓಡಿ ಕ್ಯಾಲ್ಸಿಯಂ ನೈಟ್ರೇಟ್ ತಂದು ಸಿಂಪಡಿಸುವ ನಮ್ಮ ರೂಢಿ ಆ ಕಾಯಿಗಳನ್ನು ಉಳಿಸುವುದಿಲ್ಲ. ಕಾಯಿ ಗೋಲಿ ಗಾತ್ರದಲ್ಲಿರುವಾಗಲೇ ಡ್ರಿಪ್ಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡುವುದು, ಅದಕ್ಕಿಂತ ಮುಖ್ಯವಾಗಿ ನೀರಿನಲ್ಲಿ ಏರುಪೇರಾಗದಂತೆ ನೋಡಿಕೊಳ್ಳುವುದು, ಇವೇ ನನ್ನ ಅನುಭವದಲ್ಲಿ ಕೆಲಸ ಮಾಡಿದವು.

ಯೂರಿಯಾ ವಿಷಯದಲ್ಲಿ ನಮ್ಮಪ್ಪನಿಗೂ ನನಗೂ ಇನ್ನೂ ಒಮ್ಮತವಿಲ್ಲ. ಗಿಡ ಕಡುಹಸಿರಾಗಿ ನಿಂತರೆ ಅವರಿಗೆ ಸಮಾಧಾನ. ಆದರೆ ಯೂರಿಯಾದಲ್ಲಿರುವ ಸಾರಜನಕ ಹೆಚ್ಚಾದ ಗಿಡದ ಹಣ್ಣು ನೀರುನೀರಾಗಿ, ಮೆತ್ತಗೆ ಬರುತ್ತದೆ; ಪೊಟ್ಯಾಷ್ ಸಾಲದಿದ್ದರೆ ಹಣ್ಣಿನ ಹೆಗಲು, ಅಂದರೆ ತೊಟ್ಟಿನ ಸುತ್ತಲಿನ ಭಾಗ, ಹಳದಿಯಾಗಿಯೇ ಉಳಿದು, ಎಷ್ಟು ದಿನ ಇಟ್ಟರೂ ಸಮನಾಗಿ ಕೆಂಪೇರುವುದಿಲ್ಲ. ಸಾವಯವ ಟೊಮೆಟೊ ಹೆಚ್ಚು ಬಾಳುತ್ತದೆಂಬ ಮಾತನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಹತ್ತು ವರ್ಷಗಳ ಮಾದರಿಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾವಯವ ಹಣ್ಣುಗಳಲ್ಲಿ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಸರಾಸರಿ ಶೇ. 79ರಷ್ಟು ಹೆಚ್ಚಿತ್ತು; ಆದರೆ ಅದು ಪೋಷಕಾಂಶದ ಲೆಕ್ಕವೇ ಹೊರತು ಬಾಳಿಕೆಯ ಲೆಕ್ಕವಲ್ಲ. ಕೊಟ್ಟಿಗೆ ಗೊಬ್ಬರದಿಂದ ಸಾರಜನಕ ನಿಧಾನವಾಗಿ ಬಿಡುಗಡೆಯಾಗುವುದರಿಂದ ಹಣ್ಣು ಚಿಕ್ಕದಾದರೂ ಗಟ್ಟಿಯಾಗಬಹುದು, ಆದರೆ ಕಾಯಿಕೊರಕ ಹುಳು ತೂತು ಮಾಡಿದ ಹಣ್ಣಿಗೆ ಯಾವ ಗೊಬ್ಬರವೂ ಬಾಳಿಕೆ ಕೊಡದು.

ತಳಿಯ ಪಾತ್ರವನ್ನು ಅಲ್ಲಗಳೆಯಲಾಗದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಹೈಬ್ರಿಡ್ ತಳಿ ಎಲೆಮುರುಟು ನಂಜು, ದುಂಡಾಣು ಸೊರಗು ಮತ್ತು ಅಂಗಮಾರಿಗಳನ್ನು ತಡೆಯುವುದರ ಜೊತೆಗೆ ಕೊಯ್ದ ಮೇಲೆ 15ರಿಂದ 20 ದಿನ ಇಡಬಹುದೆಂದು ಹೆಸರಾಗಿದೆ. ನಾಟಿ ಹಣ್ಣಿನ ತೆಳುಸಿಪ್ಪೆಗೆ ಆ ಶಕ್ತಿಯಿಲ್ಲ. ಆದರೆ ಗಟ್ಟಿ ತಳಿಯನ್ನೂ ಹಾಯಿನೀರು ಸೀಳಿಸುತ್ತದೆ. ಅಂದು ಮಂಡಿಯಲ್ಲಿ ತಿರಸ್ಕೃತವಾದದ್ದು ಹೈಬ್ರಿಡ್ಡೇ.

ಈಗ ನಾವು ದೂರದ ಊರಿನ ಲೋಡಿಗೆ ಆಗಷ್ಟೇ ಬಣ್ಣ ತಿರುಗಿದ, ಇನ್ನೂ ಪೂರ್ತಿ ಮಾಗದ ದೋರಗಾಯಿಯನ್ನೇ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಬಿಡಿಸಿ, ಹುಣಸೆ ಮರದ ನೆರಳಿಗೆ ಸಾಗಿಸುತ್ತೇವೆ. 30 ಡಿಗ್ರಿ ಮೀರಿದ ಬಿಸಿಯಲ್ಲಿ ಕೆಂಪು ಬಣ್ಣ ಕೊಡುವ ಲೈಕೋಪಿನ್ ಸರಿಯಾಗಿ ಕೂಡದೆ ಹಣ್ಣು ಕಿತ್ತಳೆಯಾಗಿಯೇ ಮಾಗುತ್ತದೆ. ಹಾಗೆಂದು ತೀರಾ ತಂಪೂ ಆಗದು: ಹಸಿರು ಕಾಯನ್ನು 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇಟ್ಟರೆ ಆಮೇಲೆ ಹೊರಗೆ ತಂದರೂ ಅದು ನೆಟ್ಟಗೆ ಹಣ್ಣಾಗದೆ ಗುಳಿಬಿದ್ದು ಕೊಳೆಯುತ್ತದೆ. ಮಾಗಿದ ಹಣ್ಣನ್ನೂ 5 ಡಿಗ್ರಿಯಲ್ಲಿ ಒಂದು ವಾರ ಇಟ್ಟಾಗ ಸಕ್ಕರೆ, ಹುಳಿ ಉಳಿದರೂ ಪರಿಮಳ ಕೊಡುವ ಅಂಶಗಳು ಕುಂದುತ್ತವೆಂದು 2016ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ.

ನಮ್ಮಮ್ಮ ಫ್ರಿಜ್ಜಿಗೆ ಟೊಮೆಟೊ ಇಡುವುದೇ ಇಲ್ಲ. ಮೊರದಲ್ಲಿ ತೊಟ್ಟು ಕೆಳಗಾಗಿ ಸಾಲಾಗಿ ಜೋಡಿಸಿ, ಸೀಳಿದ್ದನ್ನೆಲ್ಲ ಆರಿಸಿ ಅಂದಿನ ಸಾರಿಗೇ ಹಾಕುತ್ತಾರೆ. ಈ ಸಲದ ಮೊದಲ ಕೊಯ್ಲಿನಲ್ಲಿ ಸಾರಿಗೆ ಸಾಲುವಷ್ಟು ಸೀಳಿದ ಹಣ್ಣು ಸಿಗಲಿಲ್ಲವೆಂದು ಗೊಣಗಿಕೊಂಡೇ ಮೂರು ಒಳ್ಳೆಯ ಹಣ್ಣು ಹೆಚ್ಚಿದರು.