ಕಲಬುರಗಿ ಬಿಸಿಲಿಗೆ ತಕ್ಕ ಪಾತರಗಿತ್ತಿ ತೋಟ: ಗಿಡ ಆರಿಸಿದ ಲೆಕ್ಕ

ಮಾರ್ಚ್

ಮನೆಯ ಹಿಂದೆ ಒಂದಿಷ್ಟು ಖಾಲಿ ಜಾಗ ಇದೆ. ಬೆಳಗಿನಿಂದ ಬಿಸಿಲು ಬೀಳುತ್ತದೆ. ಪಡುವಣಕ್ಕೆ ಪಕ್ಕದ ಮನೆಯ ಗೋಡೆ ಇರುವುದರಿಂದ ಇಳಿಹೊತ್ತಿನಲ್ಲಿ ನೆರಳು, ಬಿಸಿಗಾಳಿಯೂ ಕಡಿಮೆ. ಇಲ್ಲಿ ಪಾತರಗಿತ್ತಿಗಳಿಗಾಗಿಯೇ ತೋಟ ಮಾಡುತ್ತಿದ್ದೇನೆ. ಬಂದು ಹೂವು ಮೂಸಿ ಹೋದರೆ ನನಗೆ ಸಾಲದು. ಇಲ್ಲೇ ಮೊಟ್ಟೆ ಇಡಬೇಕು, ಇಲ್ಲೇ ಹುಳ ಬೆಳೆಯಬೇಕು, ಇಲ್ಲೇ ರೆಕ್ಕೆ ಬಿಚ್ಚಬೇಕು.

ಅದಕ್ಕೆ ಗಿಡದ ಪಟ್ಟಿ ಬರೆಯುವಾಗ ಹುಳ ತಿನ್ನುವ ಎಲೆಯಿಂದ ಶುರು ಮಾಡಿದೆ. ಹೂವಿನ ಮಾತು ಆಮೇಲೆ. ಮಕರಂದದ ವಿಷಯದಲ್ಲಿ ಚಿಟ್ಟೆಗೆ ಅಂಥ ಹಟ ಇಲ್ಲ, ಸಿಕ್ಕ ಹೂವಿನಲ್ಲಿ ಕುಡಿಯುತ್ತದೆ. ಹುಳದ ಕಥೆ ಬೇರೆ. ಒಂದೊಂದು ಜಾತಿಗೆ ಕೆಲವೇ ಗಿಡ ಆಗುತ್ತವೆ. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ. ಕಾಲಿನಲ್ಲೇ ರುಚಿ ಹಿಡಿಯುವ ಶಕ್ತಿ ಅದಕ್ಕಿದೆ. ಇದೇ ಗಿಡ ಅಂತ ಖಾತ್ರಿಯಾದ ಮೇಲೆಯೇ ಮೊಟ್ಟೆ.

ಇನ್ನೊಂದು ಷರತ್ತನ್ನು ನಾನೇ ಹಾಕಿಕೊಂಡೆ. ಏಪ್ರಿಲ್, ಮೇ ತಿಂಗಳ 42–43 ಡಿಗ್ರಿ ಬಿಸಿಲಿಗೆ ಬಾಡಿ ಸಾಯುವ ಗಿಡ ಬೇಡ. ಈ ಊರಲ್ಲಿ ಯಾರೂ ನೀರು ಹಾಕದೆ ರಸ್ತೆ ಬದಿಯಲ್ಲಿ, ಹೊಲದ ಬದುವಿನಲ್ಲಿ ಬದುಕಿರುವ ಗಿಡಗಳನ್ನೇ ಮೊದಲು ನೋಡುತ್ತಾ ಬಂದೆ. ಎಕ್ಕ, ಔಡಲ, ತಂಗಡಿ, ಕಕ್ಕೆ, ಗೋಳಿ ಪಲ್ಲೆ. ದುಡ್ಡು ಕೊಟ್ಟು ತರುವ ಎಷ್ಟೋ ಗಿಡಗಳಿಗಿಂತ ಇವೇ ಚಿಟ್ಟೆಗೆ ಹೆಚ್ಚು ಬೇಕಾದವು.

ಮೇ

ನಮ್ಮದು ಎರೆ ಮಣ್ಣು. ಈಗ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದೆ. ಮಳೆ ಬಂದರೆ ಇದೇ ಮಣ್ಣು ಉಬ್ಬಿ, ಅಂಟಿಕೊಂಡು, ನೀರು ಹಿಡಿದು ಕೂರುತ್ತದೆ. ಸಣ್ಣ ಗಿಡದ ಬೇರು ಅದರಲ್ಲಿ ಕೊಳೆಯುತ್ತದೆ. ಅದಕ್ಕೆ ಶಹಾಬಾದ್ ಕಲ್ಲನ್ನು ಅಂಚಿಗೆ ನಿಲ್ಲಿಸಿ, ಮಡಿ ಒಂದು ಅಡಿ ಎತ್ತರಿಸಿದ್ದೇನೆ. ಒಳಗೆ ಎರೆ ಮಣ್ಣಿನ ಜೊತೆ ಮರಳು, ಮೊರಂ, ಹಳೆಯ ಸಗಣಿ ಗೊಬ್ಬರ. ಎಕ್ಕ, ಔಡಲಕ್ಕೆ ಈ ಉಪಚಾರ ಬೇಕಿಲ್ಲ. ಅವು ನೆಲದಲ್ಲೇ ಇರಲಿ.

ನರ್ಸರಿಗೆ ಹೋದರೆ ಎಲ್ಲರೂ ಮೊದಲು ತೋರಿಸುವುದು ಇಕ್ಸೋರಾ ಹೂಗಿಡ. ಚಿಟ್ಟೆಗೆ ಅದು ತುಂಬಾ ಇಷ್ಟ, ನಿಜ. ಆದರೆ ಅದಕ್ಕೆ ಹುಳಿ ಗುಣದ ಮಣ್ಣು ಬೇಕು. ನಮ್ಮ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಬೀದರ್‌ನಲ್ಲಿ ಅಕ್ಕನ ಮನೆಯಲ್ಲಿ ಇದೇ ಗಿಡ ಕಡು ಹಸಿರಾಗಿದೆ. ಅಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು. ಬೀದರ್‌ನವರು ಧೈರ್ಯವಾಗಿ ಹಚ್ಚಬಹುದು. ನಾನು ಅದರ ಬದಲು ಪೆಂಟಾಸ್ ತಂದಿದ್ದೇನೆ, ಮಧ್ಯಾಹ್ನ ನೆರಳು ಬರುವ ಕಡೆ ಕುಂಡದಲ್ಲಿ ಇದೆ.

ಲಂಟಾನ ತರಲಿಲ್ಲ. ಚಿಟ್ಟೆ ಮುತ್ತುತ್ತವೆ ಅನ್ನುವುದರಲ್ಲಿ ಸಂಶಯವೇ ಇಲ್ಲ. ಆದರೆ ಅದು ಅಮೆರಿಕದಿಂದ ಬಂದು ನಮ್ಮ ಕಾಡುಗಳಲ್ಲಿ ಹುಲ್ಲನ್ನೂ ಸಣ್ಣ ಗಿಡಗಳನ್ನೂ ಮುಚ್ಚಿಹಾಕಿರುವ ಪೊದೆ. ಹಕ್ಕಿ ಹಣ್ಣು ತಿಂದು ಬೀಜ ಎಲ್ಲೆಲ್ಲೋ ಬೀಳಿಸುತ್ತದೆ. ನನ್ನ ಹಿತ್ತಲಿಗಾಗಿ ಆ ಬೀಜ ಊರಾಚೆ ಹೋಗುವುದು ನನಗೆ ಇಷ್ಟವಿಲ್ಲ.

ನರ್ಸರಿಯಲ್ಲಿ ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದಿದೆ: ಗಿಡಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಿದ್ದೀರಾ? ಇಮಿಡಾಕ್ಲೋಪ್ರಿಡ್‌ನಂಥ ಔಷಧ ಗಿಡದ ಒಳಗೇ ಸೇರಿ ಎಲೆ, ಮಕರಂದಕ್ಕೂ ಹೋಗುತ್ತದೆ. ಮೇಲಿಂದ ತೊಳೆದರೆ ಹೋಗುವಂಥದ್ದಲ್ಲ. ಹೂಗಿಡಗಳನ್ನು ಆದಷ್ಟು ಬೀಜದಿಂದ, ಕಡ್ಡಿಯಿಂದ ಮಾಡಿಕೊಳ್ಳುವುದೇ ಒಳ್ಳೆಯದು. ಬೇವಿನ ಎಣ್ಣೆಯೂ ಈ ತೋಟಕ್ಕೆ ಬೇಡ. ನಮಗೆ ಅದು ಸಾವಯವ, ಹುಳಕ್ಕೆ ಅದೂ ವಿಷವೇ.

ಜುಲೈ

ಮಳೆ ಹಿಡಿದಿದೆ. ನೆಟ್ಟ ಗಿಡ ಎಲ್ಲ ಕಣ್ಣು ಬಿಟ್ಟಿವೆ.

ಎಕ್ಕ ಹಿಂದಿನ ಮೂಲೆಯಲ್ಲಿದೆ. ಅದನ್ನು ನೆಡುವಾಗ ಪಕ್ಕದ ಮನೆ ಕಾಕು ಗೋಡೆಯಾಚೆಯಿಂದ ಕೇಳಿದರು, "ಎಕ್ಕಿ ಗಿಡ ಯಾರಾರ ಮನ್ಯಾಗ ಹಚ್ತಾರೇನಪಾ?" ಶನಿವಾರ ಹನುಮಪ್ಪನಿಗೆ ಹಾರಕ್ಕೆ ಎಲೆ ಇಲ್ಲೇ ಸಿಗುತ್ತದೆ ಕಾಕು ಅಂದೆ. ಸುಮ್ನೆ ಹೇಳಿದ್ದಲ್ಲ, ಈಗ ಅವರು ನಿಜವಾಗಿಯೂ ಒಯ್ಯುತ್ತಾರೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಎಲೆ ಕೀಳುವಾಗ ಮಕ್ಕಳನ್ನು ದೂರ ಇಡಬೇಕು, ಕೈ ತೊಳೆಯಬೇಕು.

ಈಗ ಆ ಗಿಡದಲ್ಲಿ ಪ್ಲೇನ್ ಟೈಗರ್ ಅನ್ನುವ ಚಿಟ್ಟೆಯ ಹುಳಗಳಿವೆ. ಕಪ್ಪು, ಬಿಳಿ, ಹಳದಿ ಪಟ್ಟೆ. ಮೈಮೇಲೆ ಮೂರು ಜೊತೆ ಕಪ್ಪು ಎಳೆ. ನಾನು ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡುವುದು ಇವನ್ನೇ. ಹಾಲು ಹೆಚ್ಚು ಬಾರದಿರಲಿ ಅಂತ ಹುಳ ಮೊದಲು ಎಲೆಯ ನರವನ್ನು ಕಡಿಯುತ್ತದೆ. ಆಮೇಲೆ ಆಚೆಯ ಭಾಗ ತಿನ್ನುತ್ತದೆ. ಎಲೆಯ ವಿಷ ಹುಳದ ಮೈಯಲ್ಲಿ ಉಳಿದು, ಚಿಟ್ಟೆಯಾದ ಮೇಲೂ ಇರುತ್ತದೆ. ಒಮ್ಮೆ ತಿಂದು ಕಾರಿದ ಹಕ್ಕಿ ಮತ್ತೆ ಆ ಕಿತ್ತಳೆ ರೆಕ್ಕೆಯ ತಂಟೆಗೆ ಹೋಗುವುದಿಲ್ಲ.

ಇದರ ಲಾಭ ಪಡೆಯುವ ಇನ್ನೊಂದು ಚಿಟ್ಟೆ ಇದೆ, ಡನಾಯಿಡ್ ಎಗ್‌ಫ್ಲೈ. ಅದರ ಹೆಣ್ಣು ನೋಡಲು ಥೇಟ್ ಪ್ಲೇನ್ ಟೈಗರ್. ಮೈಯಲ್ಲಿ ವಿಷ ಇಲ್ಲ, ವೇಷ ಮಾತ್ರ. ಗಂಡು ಪೂರ್ತಿ ಬೇರೆ: ಕಪ್ಪು ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ, ಅಂಚಿಗೆ ನೇರಳೆ ಹೊಳಪು. ಇದರ ಹುಳಕ್ಕೆ ಬೇಕಾದ ಗಿಡ ಯಾವುದು ಗೊತ್ತಾ? ನಾವು ಬೇಳೆ ಹಾಕಿ ಪಲ್ಯ ಮಾಡುವ ಗೋಳಿ ಪಲ್ಲೆ! ಮಡಿಯ ಅಂಚಿಗೆಲ್ಲ ಅದನ್ನು ಹಬ್ಬಿಸಿದ್ದೇನೆ. ಬೇಸಿಗೆಯಲ್ಲೂ ಸಾಯದು, ಮಣ್ಣನ್ನೂ ಮುಚ್ಚುತ್ತದೆ. ಎಕ್ಕವೂ ಗೋಳಿ ಪಲ್ಲೆಯೂ ಹತ್ತಿರ ಇದ್ದರೆ ಅಸಲಿ, ನಕಲಿ ಎರಡನ್ನೂ ಒಂದೇ ಹಿತ್ತಲಲ್ಲಿ ನೋಡಬಹುದು. ಇಡೀ ಯೋಜನೆಯಲ್ಲಿ ನನಗೆ ಬಹಳ ಪ್ರೀತಿಯ ಜೋಡಿ ಇದು.

ಸೆಪ್ಟೆಂಬರ್

ಕರಿಬೇವಿನಲ್ಲಿ ನಿಂಬೆ ಚಿಟ್ಟೆಯ ಹುಳ ಬಂದಿವೆ. ಸಣ್ಣದಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಾಣುತ್ತವೆ, ದೊಡ್ಡದಾದ ಮೇಲೆ ಎಲೆಯ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲಾದ ಕೊಂಬು ಹೊರಗೆ ಬಂದು ಘಾಟು ವಾಸನೆ ಬರುತ್ತದೆ. ಅವ್ವ, "ಎಲಿ ಎಲ್ಲಾ ತಿಂದು ಬೋಳ ಮಾಡ್ಯಾವ ನೋಡು, ಒಗ್ಗರಣಿಗಿ ಏನು ಹಾಕ್ಲಿ?" ಅಂದಳು. ನ್ಯಾಯವಾದ ಮಾತು. ಅಡುಗೆಮನೆ ಬಾಗಿಲ ಹತ್ತಿರದ ಗಿಡ ಅವ್ವನಿಗೆ, ಹಿಂದಿನದು ಹುಳಕ್ಕೆ ಅಂತ ಒಪ್ಪಂದವಾಗಿದೆ. ಅವ್ವನ ಗಿಡದಲ್ಲಿ ಹುಳ ಕಂಡರೆ ಎಲೆ ಸಮೇತ ಹಿಂದಕ್ಕೆ ಒಯ್ದು ಬಿಡುತ್ತೇನೆ. ಕರಿಬೇವು ಮತ್ತೆ ಚಿಗುರುತ್ತದೆ, ಗಿಡಕ್ಕೇನೂ ಆಗುವುದಿಲ್ಲ. ಕರಿಬೇವು, ನಿಂಬೆ, ಬಿಲ್ವ, ಮೂರರಲ್ಲಿ ಯಾವುದಿದ್ದರೂ ಈ ಚಿಟ್ಟೆಗೆ ನಡೆಯುತ್ತದೆ. ಕಾಮನ್ ಮಾರ್ಮನ್ ಅನ್ನುವ ಚಿಟ್ಟೆ ಕೂಡ ಕರಿಬೇವಿಗೇ ಬರುತ್ತದೆ.

ಔಡಲದಲ್ಲಿ ಕಾಮನ್ ಕ್ಯಾಸ್ಟರ್ ಚಿಟ್ಟೆಯ ಮರಿ. ಮುಳ್ಳುಮುಳ್ಳಾದ ಹುಳ. ಕಕ್ಕೆ ಇನ್ನೂ ಮೊಣಕಾಲೆತ್ತರ, ಆದರೂ ಎಮಿಗ್ರಂಟ್ ಚಿಟ್ಟೆ ಬಂದು ಚಿಗುರೆಲೆಗೆ ಮೊಟ್ಟೆ ಇಟ್ಟು ಹೋಗಿದೆ. ಟೇಲ್ಡ್ ಜೇ ಚಿಟ್ಟೆ ಬೇಕೆಂದು ಸೀತಾಫಲದ ಸಸಿ ಇಟ್ಟಿದ್ದೇನೆ. ಕಾಂಪೌಂಡಿಗೆ ಉದ್ದನೆಯ ಅಶೋಕ ಇರುವವರಿಗೆ ಇದು ಬೇಕಿಲ್ಲ, ಅದೇ ಹುಳ ಅಶೋಕದ ಎಲೆಯನ್ನೂ ತಿನ್ನುತ್ತದೆ.

ಚಿಟ್ಟೆ ನೀರು ಕುಡಿಯಲು ಅಗಲವಾದ ಮಣ್ಣಿನ ತಟ್ಟೆಯಲ್ಲಿ ಮರಳು, ಸ್ವಲ್ಪ ಸಗಣಿ ಗೊಬ್ಬರ, ಚಿಟಿಕೆ ಉಪ್ಪು ಹಾಕಿ ಒದ್ದೆ ಮಾಡಿ ಇಟ್ಟಿದ್ದೇನೆ. ನೀರು ನಿಲ್ಲಬಾರದು, ಮರಳು ತೇವವಾಗಿರಬೇಕು ಅಷ್ಟೆ. ಹೆಚ್ಚಾಗಿ ಗಂಡು ಚಿಟ್ಟೆಗಳೇ ಉಪ್ಪಿನ ಅಂಶಕ್ಕೆ ಬರುತ್ತವೆ.

ನವೆಂಬರ್

ಬೇಲಿಯ ಸಾಲಿಗೆ ಹಾಕಿದ ತೊಗರಿ ಹೂ ಬಿಟ್ಟಿದೆ. ತೊಗರಿಯ ಕಣಜ ಅನ್ನಿಸಿಕೊಂಡ ಊರು ನಮ್ಮದು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು. ಆ ಹೂಮೊಗ್ಗಿಗೆ ಪೀ ಬ್ಲೂ ಅನ್ನುವ ಸಣ್ಣ ನೀಲಿ ಚಿಟ್ಟೆ ಮೊಟ್ಟೆ ಇಡುತ್ತದೆ. ಹುಳ ಹೂ, ಎಳೆಕಾಯಿ ಎರಡನ್ನೂ ತಿನ್ನುತ್ತದೆ. ಹೊಲದಲ್ಲಿ ರೈತ ಕಾಯಿಕೊರಕಕ್ಕೆ ಎಣ್ಣೆ ಹೊಡೆಯಲೇಬೇಕು, ಅವನ ವರ್ಷದ ಗಂಜಿಯೇ ಅದರಲ್ಲಿದೆ. ಹಿತ್ತಲಿನ ಈ ಒಂದು ಸಾಲಿಗೆ ಆ ಕಷ್ಟ ಇಲ್ಲ. ಅರ್ಧ ಕಾಯಿ ಅವಕ್ಕೆ, ಉಳಿದದ್ದು ಹಸಿಯಾಗಿಯೇ ಬೇಯಿಸಿ ತಿನ್ನಲು ನಮಗೆ.

ಹೂವಿನ ಕಡೆ ಹೇಳುವುದಾದರೆ ಜಿನ್ನಿಯಾ, ಟಿಥೋನಿಯಾ ಚೆನ್ನಾಗಿ ನಡೆದಿವೆ. ಎರಡೂ ಬೀಜದಿಂದ ಬಂದವು. ಒಂದೇ ಸುತ್ತಿನ ದಳದ ಜಿನ್ನಿಯಾ ಆರಿಸಿ. ದಳ ಒತ್ತಾಗಿ ತುಂಬಿದ ಹೂವಿನಲ್ಲಿ ಚಿಟ್ಟೆಯ ನಾಲಿಗೆಗೆ ದಾರಿ ಸಿಗದು. ಮಡಿಯ ಹೊರಗೆ ತಾನಾಗಿ ಎದ್ದ ಟ್ರೈಡ್ಯಾಕ್ಸ್ ಕಳೆಯನ್ನು ಕಿತ್ತಿಲ್ಲ, ಸಣ್ಣ ಚಿಟ್ಟೆಗಳು ಅದಕ್ಕೇ ಹೆಚ್ಚು ಬರುತ್ತವೆ. ಗಿಲಕಿ ಗಿಡವನ್ನೂ ಬೆಳೆಸಿದ್ದೇನೆ. ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳ ಗಂಡುಗಳು ಅದರ ಒಣಗಿದ ಎಲೆ, ಕಾಯಿಯನ್ನು ಕೆರೆದು ರಸ ಹೀರುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಲು ಅವಕ್ಕೆ ಆ ರಸ ಬೇಕು. ಒಣಗಿದೆ ಅಂತ ಕಿತ್ತು ಎಸೆಯಬೇಡಿ.

ನಮ್ಮ ರಾಜ್ಯದ ಚಿಟ್ಟೆ ಬರುತ್ತದಾ ಅಂತ ಗೆಳೆಯರು ಕೇಳುತ್ತಾರೆ. ಸದರ್ನ್ ಬರ್ಡ್‌ವಿಂಗ್ ಪಶ್ಚಿಮ ಘಟ್ಟದ ಹಸಿಕಾಡಿನದು, ಇಲ್ಲಿಗೆ ಬರುವುದಿಲ್ಲ. ಅದರ ನೆಂಟ ಕ್ರಿಮ್ಸನ್ ರೋಸ್ ಮಾತ್ರ ನಮ್ಮಂಥ ಒಣ ಬಯಲಿಗೂ ಒಗ್ಗಿದ ಚಿಟ್ಟೆ. ಕಪ್ಪು ರೆಕ್ಕೆ, ಕೆಂಪು ಮೈ. ಅದರ ಹುಳ ಈಶ್ವರಿ ಬಳ್ಳಿಯ ಜಾತಿಯನ್ನು ಬಿಟ್ಟು ಬೇರೆ ತಿನ್ನದು. ಬಳ್ಳಿ ಈಗ ಗೋಡೆ ಹಿಡಿದಿದೆ. ಚಿಟ್ಟೆ ಇನ್ನೂ ಬಂದಿಲ್ಲ, ದಾರಿ ನೋಡುತ್ತಿದ್ದೇನೆ. ಆ ಬಳ್ಳಿ ಮನುಷ್ಯರಿಗೆ ವಿಷ. ಯಾರಾದರೂ ಔಷಧಿಗೆ ಅಂತ ಕೇಳಿದರೆ ಕೊಡುವುದಿಲ್ಲ.

ಮುಂದಿನ ಕೆಲಸ

ಬೇಸಿಗೆಯೊಳಗೆ ಮಡಿಯ ಮೇಲೆ ತೊಗರಿ ಹೊಟ್ಟಿನ ಹೊದಿಕೆ ಹಾಕಬೇಕು. ಒಣಗಿದ ಕಡ್ಡಿಗಳನ್ನು ಕತ್ತರಿಸುವ ಮೊದಲು ಚಿಟ್ಟೆಯ ಗೂಡು ಅಂಟಿದೆಯಾ ಅಂತ ಒಂದೊಂದಾಗಿ ನೋಡಬೇಕು. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಜೂನ್ ಮೊದಲ ಮಳೆಗೆ ಹಾಕುತ್ತೇನೆ. ಮುಳ್ಳು ಗೋರಂಟಿಯ ಕಡ್ಡಿ ಯಾರ ಬೇಲಿಯಲ್ಲಿದೆ ಅಂತ ಹುಡುಕುತ್ತಿದ್ದೇನೆ, ಯೆಲ್ಲೋ ಪ್ಯಾನ್ಸಿ ಚಿಟ್ಟೆಗೆ ಅದು ಬೇಕು. ಜಿನ್ನಿಯಾ, ಗಿಲಕಿ ಬೀಜ ಡಬ್ಬಿ ತುಂಬಾ ಇವೆ. ಊರಿನವರು ಯಾರಿಗೆ ಬೇಕೋ ಕೇಳಿ, ಕೊಡುತ್ತೇನೆ.